ಹಸಿರು ಉಡುಪಿನ ಆ ನರ್ತಕಿ ಯಾರು?

ಪ್ರಶ್ನೆ: ನಾನು ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು. ಈಚೆಗೆ 'ಸಿಂಗಿನ್ ಇನ್ ದ ರೇನ್' ಸಿನಿಮಾ ನೋಡಿದೆ. ಕೊನೆಯ ಭಾಗದಲ್ಲಿ ಹಸಿರು ಉಡುಪು ತೊಟ್ಟು ಒಬ್ಬರು ಬರುತ್ತಾರೆ, ಒಂದು ಮಾತೂ ಆಡದೆ ಕುಣಿದು ಹೋಗುತ್ತಾರೆ. ಹುಡುಕಿದಾಗ ಸಿಡ್ ಶರೀಸ್ ಎಂಬ ಹೆಸರು ಸಿಕ್ಕಿತು. ಆದರೆ ಎಲ್ಲಿ ನೋಡಿದರೂ ಅವರ ಕಾಲಿಗೆ ವಿಮೆ ಮಾಡಿಸಿದ ಕತೆಯೇ. ಅವರು ನಮ್ಮ ಹೆಲೆನ್ ಥರ ಒಂದು ಹಾಡಿಗೆ ಬಂದು ಹೋಗುವ ಡಾನ್ಸರ್ ಆಗಿದ್ದರಾ? ಸಿನಿಮಾದಲ್ಲಿ ಹಾಡಿದ್ದು ಅವರ ದನಿಯೇ ಅಲ್ಲವಂತೆ, ನಿಜವಾ? ಅಷ್ಟು ಚೆನ್ನಾಗಿ ಕುಣಿಯುವವರು ಕೆಲವೇ ವರ್ಷಗಳಲ್ಲಿ ಎಲ್ಲಿ ಹೋದರು? ಅವರದು ಇನ್ನೇನನ್ನು ನೋಡಬೇಕು?

ಉತ್ತರ:

ಒಂದು ಹಾಡಿಗೆ ಬಂದು ಹೋಗುವ ಡಾನ್ಸರ್ ಆಗಿಯೇ ಅವರು ಶುರು ಮಾಡಿದ್ದು. ಹಾಗೆ ಸುಮಾರು ಎಂಟು ವರ್ಷ ಕಳೆದರು. ಆಮೇಲೆ ನಾಯಕಿಯಾದರು. ನಮ್ಮವರಲ್ಲಿ ಯಾರಿಗಾದರೂ ಹೋಲಿಸಲೇಬೇಕೆಂದರೆ ಹೆಲೆನ್‌ಗಿಂತ ವೈಜಯಂತಿಮಾಲಾ ಹತ್ತಿರ. ಶಾಸ್ತ್ರೀಯ ನೃತ್ಯದಲ್ಲಿ ಪಳಗಿ, ಆ ಕಲಿಕೆಯನ್ನು ಬಿಟ್ಟುಕೊಡದೆ ಸಿನಿಮಾಕ್ಕೆ ಬಂದವರು ಇಬ್ಬರೂ. ಕಾಲಿನ ವಿಮೆ ಕತೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಮೊದಲು ಆ ಕಾಲು ಎಲ್ಲಿ ತಯಾರಾಯಿತು ಅಂತ ನೋಡೋಣ.

ಅವರ ಹುಟ್ಟು ಹೆಸರು ಟೂಲಾ ಎಲ್ಲಿಸ್ ಫಿಂಕ್ಲಿ. 1922ರ ಮಾರ್ಚ್ 8ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಅಮರಿಲೊ ಊರಿನಲ್ಲಿ ಹುಟ್ಟಿದರು. ತಂದೆಗೆ ಒಡವೆ ಅಂಗಡಿ ಇತ್ತು. ಮನೆಯಲ್ಲಿ ಸಹೋದರನ ಬಾಯಲ್ಲಿ 'ಸಿಸ್' ಅನ್ನೋದು 'ಸಿಡ್' ಆಗಿ, ಅದೇ ಕರೆಯುವ ಹೆಸರಾಯಿತು. ಚಿಕ್ಕ ವಯಸ್ಸಿನಲ್ಲೇ ಪೋಲಿಯೊ ತಗುಲಿತು. ಬಡಕಲು ಮೈ, ಬಲವಿಲ್ಲದ ಸ್ನಾಯು. ಮೈಗೆ ಶಕ್ತಿ ಬರಲಿ ಎಂದು ಆರನೇ ವಯಸ್ಸಿನಲ್ಲಿ ಬ್ಯಾಲೆ ಕ್ಲಾಸಿಗೆ ಸೇರಿಸಿದರು. ಬ್ಯಾಲೆಯಲ್ಲಿ ದಿನದ ಪಾಠ ಶುರುವಾಗುವುದೇ ಗೋಡೆ ಪಕ್ಕದ ಮರದ ಕಂಬಿ ಹಿಡಿದು ನಿಂತು, ಒಂದೊಂದೇ ಸ್ನಾಯುವನ್ನು ನಿಧಾನವಾಗಿ ಎಬ್ಬಿಸುವುದರಿಂದ. ಆ ಮಗುವಿಗೆ ಬೇಕಾಗಿದ್ದೂ ಅದೇ.

ಹುಡುಗಿಯಾಗಿದ್ದಾಗಲೇ ಲಾಸ್ ಏಂಜಲೀಸ್‌ಗೆ ಬಂದು ಅಡಾಲ್ಫ್ ಬೋಲ್ಮ್ ಮತ್ತು ಬ್ರೊನಿಸ್ಲಾವಾ ನಿಜಿನ್ಸ್ಕಾ ಹತ್ತಿರ ಕಲಿತರು. ಈ ಎರಡು ಹೆಸರುಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಬ್ಬರೂ ದಿಯಾಗಿಲೆವ್ ಕಟ್ಟಿದ್ದ ಬ್ಯಾಲೆ ರೂಸ್ ಎಂಬ ಹೆಸರಾಂತ ರಷ್ಯನ್ ಬ್ಯಾಲೆ ತಂಡದಲ್ಲಿದ್ದವರು. ನಿಜಿನ್ಸ್ಕಾ ಅಂದರೆ ಪ್ರಸಿದ್ಧ ನರ್ತಕ ನಿಜಿನ್ಸ್ಕಿಯ ತಂಗಿ, ತಾವೇ ದೊಡ್ಡ ನೃತ್ಯ ಸಂಯೋಜಕಿ. ಸಿಡ್ ಕಲಿತ ಪಾಠಾಂತರ ನೇರವಾಗಿ ರಷ್ಯಾದ ರಾಜಾಶ್ರಯದ ರಂಗಮಂದಿರಗಳಿಂದ ಇಳಿದು ಬಂದದ್ದು.

ಹದಿಹರೆಯದಲ್ಲೇ ಬ್ಯಾಲೆ ರೂಸ್‌ನ ಹೆಸರಿನಲ್ಲಿ ಮುಂದುವರಿದ ತಂಡಕ್ಕೆ ಸೇರಿ ಅಮೆರಿಕ, ಯುರೋಪ್ ಸುತ್ತಿದರು. ಬ್ಯಾಲೆ ಅಂದರೆ ರಷ್ಯದವರದೇ ಆಗಬೇಕು ಎಂದು ಪ್ರೇಕ್ಷಕರು ನಂಬಿದ್ದ ಕಾಲ ಅದು. ಹಾಗಾಗಿ ಇಂಗ್ಲಿಷ್, ಅಮೆರಿಕನ್ ಹುಡುಗಿಯರಿಗೂ ರಷ್ಯನ್ ಹೆಸರು ಇಡುತ್ತಿದ್ದರು. ಅಮರಿಲೊದ ಈ ಹುಡುಗಿ ಒಮ್ಮೆ ಫೀಲಿಯಾ ಸಿಡೊರೋವಾ, ಇನ್ನೊಮ್ಮೆ ಮಾರಿಯಾ ಇಸ್ತೊಮಿನಾ. 1939ರಲ್ಲಿ ತಮಗೆ ನೃತ್ಯ ಕಲಿಸಿದ್ದ ನಿಕೊ ಶರೀಸ್ ಅವರನ್ನು ಮದುವೆಯಾದರು. ಆ ಮದುವೆ ಮುಂದೆ ಉಳಿಯಲಿಲ್ಲ, ಹೆಸರು ಉಳಿಯಿತು.

ಎರಡನೇ ಮಹಾಯುದ್ಧ ಬಂದು ತಂಡ ಚದುರಿತು. ಸಿಡ್ ಲಾಸ್ ಏಂಜಲೀಸ್‌ಗೆ ವಾಪಸಾದರು. ಅವರು ಸಿನಿಮಾಕ್ಕೆ ಬಂದದ್ದು ಆಸೆಪಟ್ಟಲ್ಲ. ರಂಗ ಇಲ್ಲವಾಗಿತ್ತು, ಕೆಲಸ ಬೇಕಿತ್ತು. ಬ್ಯಾಲೆ ತಂಡದಲ್ಲಿ ಜೊತೆಗಿದ್ದ ಡೇವಿಡ್ ಲಿಷಿನ್ ಅವರಿಂದ 1943ರಲ್ಲಿ ಒಂದು ಸಿನಿಮಾದಲ್ಲಿ ಕುಣಿಯುವ ಅವಕಾಶ ಸಿಕ್ಕಿತು. ಅಲ್ಲಿ ಅವರ ಹೆಸರು ಲಿಲಿ ನಾರ್ವುಡ್. ಅದನ್ನು ನೋಡಿ ಎಂಜಿಎಂ ಸ್ಟುಡಿಯೋದ ಡಾನ್ಸ್ ನಿರ್ದೇಶಕ ರಾಬರ್ಟ್ ಆಲ್ಟನ್ ಅವರನ್ನು ನಿರ್ಮಾಪಕ ಆರ್ಥರ್ ಫ್ರೀಡ್ ಹತ್ತಿರ ಕರೆದೊಯ್ದರು. ಹಾಲಿವುಡ್‌ನ ಒಳ್ಳೆಯ ಸಂಗೀತಮಯ ಚಿತ್ರಗಳಲ್ಲಿ ದೊಡ್ಡ ಪಾಲು ಈ ಫ್ರೀಡ್ ಅವರ ವಿಭಾಗದಿಂದಲೇ ಬಂದದ್ದು.

ಅಲ್ಲಿ ಶುರುವಾಗಿದ್ದು ಕಾಯುವ ಕಾಲ. 'ಝೀಗ್‌ಫೆಲ್ಡ್ ಫಾಲೀಸ್'ನಲ್ಲಿ ಸೋಪಿನ ನೊರೆಯ ನಡುವೆ ಕುಣಿದರು. ಸಂಗೀತ ಸಂಯೋಜಕ ಜೆರೋಮ್ ಕರ್ನ್ ಜೀವನದ ಚಿತ್ರದಲ್ಲಿ ಗೋವರ್ ಚಾಂಪಿಯನ್ ಜೊತೆ ಒಂದು ಹಾಡು. ಕಪ್ಪು ಕೂದಲು ಇದೆಯಲ್ಲ ಎಂದು ಮೆಕ್ಸಿಕೊ, ಸ್ಪೇನ್ ಹಿನ್ನೆಲೆಯ ಪಾತ್ರಗಳಲ್ಲಿ ರಿಕಾರ್ಡೊ ಮೊಂಟಲ್ಬಾನ್ ಜೊತೆ ಕುಣಿಸಿದರು. ನೋಡಲು ಚೆನ್ನ, ನೆನಪಿನಲ್ಲಿ ಉಳಿಯುವಂಥದ್ದು ಕಡಿಮೆ.

ಆಮೇಲೆ ಎರಡು ದೊಡ್ಡ ಅವಕಾಶಗಳು ಕೈ ತಪ್ಪಿದವು. 1948ರ 'ಈಸ್ಟರ್ ಪರೇಡ್'ನಲ್ಲಿ ಪಾತ್ರವಿತ್ತು. ಕಾಲಿಗೆ ಪೆಟ್ಟಾಗಿ ಅದು ಆನ್ ಮಿಲ್ಲರ್ ಪಾಲಾಯಿತು. 'ಆನ್ ಅಮೆರಿಕನ್ ಇನ್ ಪ್ಯಾರಿಸ್' ಚಿತ್ರಕ್ಕೂ ಅವರ ಹೆಸರಿತ್ತು. ಆಗ ಬಸುರಿ. ಗಾಯಕ ಟೋನಿ ಮಾರ್ಟಿನ್ ಅವರನ್ನು 1948ರಲ್ಲಿ ಮದುವೆಯಾಗಿದ್ದರು, 1950ರಲ್ಲಿ ಮಗ ಹುಟ್ಟಿದ. ಆ ಪಾತ್ರ ಫ್ರಾನ್ಸಿನಿಂದ ಬಂದ ಲೆಸ್ಲಿ ಕರೋನ್‌ಗೆ ಹೋಯಿತು. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಮೂವತ್ತು ಹತ್ತಿರವಾಗುತ್ತಿರುವ, ಹೆರಿಗೆಯಾಗಿರುವ ಡಾನ್ಸರ್‌ಗೆ ಇದು ಎಂಥ ಏಟು ಅಂತ ನೃತ್ಯ ಕಲಿತ ನಿಮಗೆ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಈಗ ನೀವು ನೋಡಿದ ಹಸಿರು ಉಡುಪಿಗೆ ಬರೋಣ. 'ಸಿಂಗಿನ್ ಇನ್ ದ ರೇನ್' ಬಿಡುಗಡೆಯಾಗಿದ್ದು 1952ರಲ್ಲಿ. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನೆನ್ ನಿರ್ದೇಶನ, ಕೆಲ್ಲಿಯೇ ನಾಯಕ. ನಾಯಕಿ ಡೆಬ್ಬಿ ರೆನಾಲ್ಡ್ಸ್‌ಗೆ ಆಗ ಇನ್ನೂ ಹದಿಹರೆಯ, ನೃತ್ಯದ ತರಬೇತಿ ಹೆಚ್ಚು ಇರಲಿಲ್ಲ. ಕೊನೆಯ ದೊಡ್ಡ ಬ್ಯಾಲೆಗೆ ಬೇರೆಯವರು ಬೇಕಾಯಿತು. ಕೆಲ್ಲಿ ತಮ್ಮ ಸಹಾಯಕಿ ಕ್ಯಾರಲ್ ಹೇನಿಯನ್ನೇ ಹಾಕಿಕೊಳ್ಳಬೇಕು ಎಂದುಕೊಂಡಿದ್ದರು. ಫ್ರೀಡ್ ಒಪ್ಪಲಿಲ್ಲ. ಹಾಗೆ ಸಿಡ್ ಬಂದರು. ಪಾತ್ರ ಕೈ ತಪ್ಪಿದ ಕ್ಯಾರಲ್ ಹೇನಿಯೇ ಅವರಿಗೆ ಜಾಝ್ ಹೆಜ್ಜೆಗಳನ್ನು ಹೇಳಿಕೊಟ್ಟರು. ಹೇನಿಯ ಈ ದೊಡ್ಡತನವನ್ನು ಯಾರೂ ಸಾಕಷ್ಟು ನೆನೆಯುವುದಿಲ್ಲ ಎನ್ನುವುದು ನನ್ನ ಬೇಸರ.

ಜಾಝ್ ಹೆಜ್ಜೆ ಕಲಿಯುವುದು ಬ್ಯಾಲೆಯವರಿಗೆ ಸುಲಭವಲ್ಲ. ಬ್ಯಾಲೆಯಲ್ಲಿ ಮೈಯ ಭಾರವನ್ನೆಲ್ಲ ಮೇಲಕ್ಕೆ ಎಳೆದುಕೊಂಡಿರಬೇಕು. ನೆಲ ತಾಗಿದ್ದೂ ಗೊತ್ತಾಗಬಾರದು. ಜಾಝ್‌ನಲ್ಲಿ ಮಂಡಿ ಮಡಿಸಿ, ಭಾರವನ್ನು ನೆಲಕ್ಕೆ ಬಿಡಬೇಕು. ಸೊಂಟ, ಭುಜ ಬೇರೆ ಬೇರೆಯಾಗಿ ಆಡಬೇಕು. ನಿಮಗೆ ಅರಮಂಡಿ ರೂಢಿ ಇರುವುದರಿಂದ ನೆಲದ ಕಡೆಗಿನ ಆ ಸೆಳೆತ ಏನೆಂದು ಗೊತ್ತು. ಸಿಡ್ ಇಪ್ಪತ್ತು ವರ್ಷ ಅದರ ಉಲ್ಟಾ ಕಲಿತವರು. ಆದರೂ ಆ ದೃಶ್ಯದಲ್ಲಿ ಅವರು ಬ್ಯಾಲೆಯನ್ನು ಬಿಟ್ಟಿಲ್ಲ. ಕಾಲು ಜಾಝ್ ಮಾಡುತ್ತದೆ, ಬೆನ್ನು ಬ್ಯಾಲೆಯಲ್ಲೇ ಇರುತ್ತದೆ. ಆ ಪಾತ್ರಕ್ಕೆ ಅಪಾಯದ ಜೊತೆಗೆ ಗತ್ತೂ ಬಂದದ್ದು ಅದರಿಂದ. ಬರೀ ಸೊಂಟ ಕುಣಿಸಿದ್ದರೆ ಗೂಂಡಾನ ಗೆಳತಿಯಾಗಿ ಮಾತ್ರ ಉಳಿಯುತ್ತಿದ್ದರು.

ಮೊದಲ ಶಾಟ್ ನೆನಪಿಸಿಕೊಳ್ಳಿ. ಹಳ್ಳಿಯಿಂದ ಬಂದ ಹುಡುಗನ (ಕೆಲ್ಲಿ) ಟೋಪಿ ಬೀಳುತ್ತದೆ. ಎತ್ತಿಕೊಳ್ಳಲು ಅವನು ಮಂಡಿಯೂರಿ ಜಾರಿ ಬಂದರೆ ಎದುರಿಗೆ ಒಂದು ಕಾಲು, ಕಾಲಿನ ತುದಿಯಲ್ಲಿ ಟೋಪಿ. ಕಾಲು ಮೇಲೇಳುತ್ತದೆ, ಟೋಪಿಯೂ ಮೇಲೇರುತ್ತದೆ. ಎಲ್ಲರೂ ಕಾಲನ್ನೇ ನೋಡುತ್ತಾರೆ. ಇನ್ನೊಮ್ಮೆ ನೋಡುವಾಗ ಮುಖ ನೋಡಿ. ಅಷ್ಟು ಎತ್ತರಕ್ಕೆ ಕಾಲೆತ್ತಿದ್ದರೂ ಮುಖದಲ್ಲಿ ಶ್ರಮದ ಸುಳಿವೇ ಇಲ್ಲ. ಎತ್ತರದ ಹಿಮ್ಮಡಿಯ ಶೂ ಹಾಕಿದರೆ ಸಿಡ್ ಕೆಲ್ಲಿಗಿಂತ ಎತ್ತರ ಕಾಣುವ ಸಾಧ್ಯತೆ ಇತ್ತು. ಈಗ ಜೋಡಿ ಹೆಜ್ಜೆಗಳನ್ನು ಗಮನಿಸಿ. ಬಹಳ ಕಡೆ ಒಬ್ಬರು ಬಾಗಿರುತ್ತಾರೆ, ಇಲ್ಲವೇ ವಾಲಿರುತ್ತಾರೆ. ಇದ್ದ ಅಡ್ಡಿಯೇ ನೃತ್ಯದ ಚೆಲುವಾಗಿದೆ.

ಅದೇ ಬ್ಯಾಲೆಯಲ್ಲಿ ಆಮೇಲೆ ಬಿಳಿ ಉಡುಪಿನಲ್ಲಿ ಬರುತ್ತಾರೆ. ಸುಮಾರು 25 ಅಡಿ ಉದ್ದದ ರೇಷ್ಮೆ ಬಟ್ಟೆ ಹೆಗಲಿನಿಂದ ಗಾಳಿಗೆ ಹಾರುತ್ತಿರುತ್ತದೆ. ದೊಡ್ಡ ಗಾಳಿ ಯಂತ್ರಗಳನ್ನಿಟ್ಟು ಹಾರಿಸಿದ್ದು. ಎದುರಿನಿಂದ ಅಂಥ ಗಾಳಿ ನೂಕುತ್ತಿದ್ದರೂ ತೋಳು ನಡುಗದಂತೆ, ಕಣ್ಣು ಮುಚ್ಚದಂತೆ ಕುಣಿಯಬೇಕು. ಪರದೆಯ ಮೇಲೆ ಗಾಳಿಯೇ ಅವರ ಮಾತು ಕೇಳುತ್ತಿರುವಂತೆ ಕಾಣುತ್ತದೆ.

ಮುಂದಿನ ವರ್ಷವೇ, 1953ರಲ್ಲಿ, ವಿನ್ಸೆಂಟ್ ಮಿನೆಲ್ಲಿ ನಿರ್ದೇಶನದ 'ದ ಬ್ಯಾಂಡ್ ವ್ಯಾಗನ್'. ಫ್ರೆಡ್ ಆಸ್ಟೇರ್ ಜೊತೆ ನಾಯಕಿ. ಕತೆಯಲ್ಲಿ ಸಿಡ್ ಬ್ಯಾಲೆ ನರ್ತಕಿ, ಆಸ್ಟೇರ್ ಹಳೇ ಕಾಲದ ಸಿನಿಮಾ ಡಾನ್ಸರ್. ಇಬ್ಬರಿಗೂ ಪರಸ್ಪರ ಅಂಜಿಕೆ. ರಿಹರ್ಸಲ್‌ನಲ್ಲಿ ಜೊತೆಗೂಡಿ ಒಂದು ಹೆಜ್ಜೆಯೂ ಸರಿಯಾಗಿ ಬರುವುದಿಲ್ಲ. ಒಂದು ರಾತ್ರಿ ಕುದುರೆ ಗಾಡಿಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಹೋಗುತ್ತಾರೆ. ಪಾರ್ಕು ಸ್ಟುಡಿಯೋದೊಳಗೆ ಕಟ್ಟಿದ ಸೆಟ್. ಇಬ್ಬರೂ ಸುಮ್ನೆ ನಡೆಯುತ್ತಾರೆ. ಮಾತಿಲ್ಲ. ನಡೆಯುತ್ತಾ ನಡೆಯುತ್ತಾ ಒಬ್ಬರ ಕಾಲು ಸ್ವಲ್ಪ ತಿರುಗುತ್ತದೆ. ಇನ್ನೊಬ್ಬರದು ಅದಕ್ಕೆ ಉತ್ತರ ಕೊಡುತ್ತದೆ. ನಡಿಗೆ ಎಲ್ಲಿ ಮುಗಿಯಿತು, ನೃತ್ಯ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. 'ಡಾನ್ಸಿಂಗ್ ಇನ್ ದ ಡಾರ್ಕ್' ಎಂಬ ಹಳೆಯ ಹಾಡಿನ ಮಟ್ಟು ಮಾತ್ರ ವಾದ್ಯಗಳಲ್ಲಿ ಕೇಳುತ್ತದೆ, ಸಾಹಿತ್ಯ ಇಲ್ಲ. ಕೊನೆಗೆ ಅದೇ ಲಯದಲ್ಲಿ ಗಾಡಿ ಹತ್ತಿ ಕೂರುತ್ತಾರೆ. ಇಬ್ಬರ ನಡುವಿನ ಅಂಜಿಕೆ ಹೋಯಿತು ಅಂತ ಯಾರೂ ಹೇಳುವುದಿಲ್ಲ, ನಮಗೆ ಗೊತ್ತಾಗಿರುತ್ತದೆ. ಇಡೀ ಚಿತ್ರದ ಕತೆ ತಿರುಗುವುದೇ ಇಲ್ಲಿ. ಇದರ ನೃತ್ಯ ಸಂಯೋಜನೆ ಮೈಕೆಲ್ ಕಿಡ್ ಅವರದು. ಅದೇ ಚಿತ್ರದ ಕೊನೆಗೆ ಪತ್ತೇದಾರಿ ಕತೆಗಳನ್ನು ಗೇಲಿ ಮಾಡುವ ಒಂದು ಬ್ಯಾಲೆ ಬರುತ್ತದೆ. ಅಲ್ಲಿ ಸಿಡ್ ಕೆಂಪು ಉಡುಪಿನಲ್ಲಿ ಕುಣಿದದ್ದು ಇದಕ್ಕಿಂತ ಜಾಸ್ತಿ ಹೆಸರು ಮಾಡಿದೆ. ನನ್ನ ಮತ ಪಾರ್ಕಿಗೆ.

ಕೆಲ್ಲಿ, ಆಸ್ಟೇರ್ ಇಬ್ಬರ ಜೊತೆಯೂ ಸಮನಾಗಿ ನಿಂತವರು ಬಹಳ ಕಡಿಮೆ. ಕೆಲ್ಲಿಯದು ಕಸರತ್ತಿನ ಮೈ, ಎತ್ತಿ ತಿರುಗಿಸುವ ಶೈಲಿ. ಆಸ್ಟೇರ್ ಅವರದು ಗಾಳಿಯಲ್ಲಿ ತೇಲುವಂಥ ನಯ, ಸಣ್ಣ ತಪ್ಪನ್ನೂ ಬಿಡದ ಶಿಸ್ತು. ತಾನು ಯಾರ ಜೊತೆ ಕುಣಿದು ಬಂದೆ ಅನ್ನೋದು ಗಂಡನಿಗೆ ಮನೆಯಲ್ಲೇ ಗೊತ್ತಾಗುತ್ತಿತ್ತು ಎಂದು ಸಿಡ್ ಹೇಳುತ್ತಿದ್ದರು. ಮೈಮೇಲೆ ನೀಲಿಗಟ್ಟಿದ ಗುರುತಿದ್ದರೆ ಕೆಲ್ಲಿ, ಏನೂ ಇಲ್ಲದಿದ್ದರೆ ಆಸ್ಟೇರ್. ಆಸ್ಟೇರ್ ಕೂಡ 1959ರ ತಮ್ಮ ಆತ್ಮಕಥೆಯಲ್ಲಿ ಸಿಡ್ ಅವರನ್ನು ಮನಸಾರೆ ಹೊಗಳಿದ್ದಾರೆ. ಅವರ ಜೊತೆ ಒಮ್ಮೆ ಕುಣಿದರೆ ಅದು ಮೈಯಿಂದ ಹೋಗುವುದೇ ಇಲ್ಲ ಎನ್ನುವ ಅರ್ಥದ ಮಾತದು. ಕೆಲ್ಲಿ ಜೊತೆ ಬೆಂಕಿಯಂತೆ ಕಾಣುವ ಸಿಡ್ ಆಸ್ಟೇರ್ ಜೊತೆ ಮೆತ್ತಗಾಗುತ್ತಾರೆ. ಎದುರಿಗಿರುವವರ ಉಸಿರಿಗೆ ತಕ್ಕಂತೆ ತಮ್ಮ ಮೈಯನ್ನು ಹೊಂದಿಸಿಕೊಳ್ಳುವ ಈ ಗುಣವೇ ಅವರ ದೊಡ್ಡ ಪ್ರತಿಭೆ ಎಂದು ನಾನು ನಂಬುತ್ತೇನೆ. ಕಾಲಿನ ಉದ್ದ ಹುಟ್ಟಿನಿಂದ ಬಂದದ್ದು. ಇದು ಸಾಧಿಸಿದ್ದು.

ಕಾಲಿನ ವಿಮೆ ಕತೆಗೆ ಇಷ್ಟು ಸಾಕು: 50 ಲಕ್ಷ ಡಾಲರ್ ವಿಮೆ ಎಂದು ಸುದ್ದಿಯಾಯಿತು, ಗಿನ್ನೆಸ್ ದಾಖಲೆ ಪುಸ್ತಕದಲ್ಲೂ ಬಂತು. ಆ ಕಾಲದ ಸ್ಟುಡಿಯೋಗಳಲ್ಲಿ ಇಂಥ ಸುದ್ದಿ ಹುಟ್ಟಿಸುವುದಕ್ಕೆಂದೇ ಪ್ರಚಾರ ವಿಭಾಗ ಇರುತ್ತಿತ್ತು. ಒಬ್ಬ ಕಲಾವಿದೆಯನ್ನು ಕಾಲುಗಳ ಬೆಲೆಯಾಗಿ ಇಳಿಸಿದ ಆ ಪ್ರಚಾರವನ್ನು ನಾವು ಇವತ್ತಿಗೂ ಹೊತ್ತು ತಿರುಗುವುದು ಬೇಡ.

ದನಿಯ ವಿಷಯ ನಿಜ. 'ದ ಬ್ಯಾಂಡ್ ವ್ಯಾಗನ್'ನಲ್ಲಿ ಅವರಿಗೆ ಹಾಡಿದ್ದು ಇಂಡಿಯಾ ಆಡಮ್ಸ್. 'ಬ್ರಿಗಡೂನ್', 'ಇಟ್ಸ್ ಆಲ್ವೇಸ್ ಫೇರ್ ವೆದರ್', 'ಸಿಲ್ಕ್ ಸ್ಟಾಕಿಂಗ್ಸ್' ಮೂರಕ್ಕೂ ಕ್ಯಾರಲ್ ರಿಚರ್ಡ್ಸ್. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ರಾಜಕುಮಾರ್ ಅವರ ಎಷ್ಟೋ ಹಾಡುಗಳಿಗೆ ಪಿ.ಬಿ. ಶ್ರೀನಿವಾಸ್ ದನಿ ಇತ್ತು ಅಂತ ಗೊತ್ತಿದ್ದೇ ಇಬ್ಬರನ್ನೂ ಪ್ರೀತಿಸಿದವರು ನಾವು. ಹಾಲಿವುಡ್‌ನಲ್ಲಿ ಹಾಗಲ್ಲ. ಅಲ್ಲಿ ಹಿನ್ನೆಲೆ ಗಾಯಕಿಯ ಹೆಸರು ಸಾಮಾನ್ಯವಾಗಿ ಪರದೆಯ ಮೇಲೆ ಬರುತ್ತಲೇ ಇರಲಿಲ್ಲ. ಗುಟ್ಟಾಗಿ ಇಟ್ಟದ್ದಕ್ಕೇ ಅದು ಆಮೇಲೆ ಕೊರತೆಯ ಹಾಗೆ ಕಂಡಿತು. ಸಿಡ್ ವಿಷಯದಲ್ಲಂತೂ ಇದು ಕೊರತೆಯೇ ಅಲ್ಲ. ಅವರ ಅತ್ಯುತ್ತಮ ಕೆಲಸಗಳನ್ನು ತೆಗೆದುಕೊಳ್ಳಿ. ಹಸಿರು ಉಡುಪಿನ ದೃಶ್ಯ, ಪಾರ್ಕಿನ ನೃತ್ಯ, ಈಗ ಹೇಳಲಿರುವ ಇನ್ನೊಂದು. ಮೂರರಲ್ಲೂ ಅವರು ಹಾಡುವುದಿಲ್ಲ, ಬಾಯಿ ಬಿಡುವುದೂ ಇಲ್ಲ.

ಆ ಇನ್ನೊಂದು ಇರುವುದು 1957ರ 'ಸಿಲ್ಕ್ ಸ್ಟಾಕಿಂಗ್ಸ್'ನಲ್ಲಿ. ಗ್ರೇಟಾ ಗಾರ್ಬೊ ನಟಿಸಿದ್ದ 1939ರ 'ನಿನೋಚ್ಕಾ' ಕತೆಗೆ ಕೋಲ್ ಪೋರ್ಟರ್ ಹಾಡು ಕಟ್ಟಿದ ಚಿತ್ರ. ನಿರ್ದೇಶಕ ರೂಬೆನ್ ಮಮೂಲಿಯನ್. ಸೋವಿಯತ್ ಸರ್ಕಾರದ ಬಿಗಿ ಮುಖದ ಅಧಿಕಾರಿಣಿ ಪ್ಯಾರಿಸಿಗೆ ಬರುತ್ತಾಳೆ, ನಿಧಾನವಾಗಿ ಕರಗುತ್ತಾಳೆ. ಹೋಟೆಲ್ ಕೋಣೆಯಲ್ಲಿ ಒಬ್ಬಳೇ ಇರುವಾಗ, ಅಲ್ಲಿ ಇಲ್ಲಿ ಬಚ್ಚಿಟ್ಟಿದ್ದ ರೇಷ್ಮೆ ಕಾಲುಚೀಲ, ಒಳ ಉಡುಪು, ಒಡವೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಾಳೆ. ದಪ್ಪ ಬಟ್ಟೆ ಕಳಚಿ ಇವನ್ನು ತೊಡುತ್ತಾಳೆ. ಇಷ್ಟೇ ಘಟನೆ. ಸಿಡ್ ಇದನ್ನು ಪೂರ್ತಿ ನೃತ್ಯದಲ್ಲಿ ಹೇಳುತ್ತಾರೆ.

ಅಶ್ಲೀಲವಾಗುವ ಅಪಾಯ ಇತ್ತು. ಹಾಗಾಗಿಲ್ಲ. ಯಾಕೆಂದರೆ ಅವಳು ಯಾರಿಗೂ ತೋರಿಸುತ್ತಿಲ್ಲ. ಮೊದಲು ಬಟ್ಟೆಯನ್ನು ಮುಟ್ಟಲೂ ಹಿಂಜರಿಕೆ. ಆಮೇಲೆ ಕೆನ್ನೆಗೆ ಒತ್ತಿಕೊಳ್ಳುವ ಸಂಕೋಚದ ಸಂತೋಷ. ಒಂದೊಂದು ವಸ್ತು ಮೈಗೆ ಬಂದ ಹಾಗೆ ಬೆನ್ನಿನ ಬಿಗಿ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ನಾವು ಪದಂ ಮಾಡುವಾಗ ಒಂದೇ ಸಾಲನ್ನು ಮತ್ತೆ ಮತ್ತೆ ಹಿಡಿದು ಭಾವದ ಬೇರೆ ಬೇರೆ ಮಗ್ಗುಲು ತೋರಿಸುತ್ತೇವಲ್ಲ, ಆ ಕೆಲಸ ಇಲ್ಲಿ ನಡೆದಿದೆ. ಸಿಡ್‌ಗೆ ನಟನೆ ಬರುತ್ತಿರಲಿಲ್ಲ, ಸಂಭಾಷಣೆ ಒಣ ಎಂದು ಟೀಕಿಸುವವರಿದ್ದಾರೆ. ಸಂಭಾಷಣೆ ಬಗ್ಗೆ ನಾನು ವಾದ ಮಾಡುವುದಿಲ್ಲ. ಆದರೆ ಈ ದೃಶ್ಯ ನೋಡಿದ ಮೇಲೂ ನಟನೆ ಬರುತ್ತಿರಲಿಲ್ಲ ಎನ್ನುವವರು ನಟನೆ ಅಂದರೆ ಬರೀ ಮಾತು ಎಂದುಕೊಂಡಿದ್ದಾರೆ.

ಅಂಥವರು ಯಾಕೆ ಮಾಯವಾದರು ಎಂದು ಕೇಳಿದ್ದೀರಿ. ಅವರು ಮಾಯವಾಗಲಿಲ್ಲ, ಅವರ ಕಾಲಿನ ಕೆಳಗಿನ ನೆಲ ಹೋಯಿತು. ಎಂಜಿಎಂನಲ್ಲಿ ವರ್ಷಪೂರ್ತಿ ಸಂಬಳದ ಮೇಲೆ ವಾದ್ಯವೃಂದ, ನೃತ್ಯ ಸಂಯೋಜಕರು, ದರ್ಜಿಗಳು, ಸೆಟ್ ಕಟ್ಟುವವರು ಇದ್ದರು. ವಾರಗಟ್ಟಲೆ ತಾಲೀಮು ನಡೆಯುತ್ತಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ದೊಡ್ಡ ಸ್ಟುಡಿಯೋಗಳು ತಮ್ಮ ಥಿಯೇಟರ್‌ಗಳನ್ನು ಬಿಟ್ಟುಕೊಡಬೇಕಾಯಿತು. ಅದೇ ಹೊತ್ತಿಗೆ ಟಿವಿ ಮನೆಮನೆಗೆ ಬಂತು. ಖಾತ್ರಿಯ ಆದಾಯ ನಿಂತಿತು. ಮೊದಲು ಕತ್ತರಿ ಬಿದ್ದದ್ದು ದುಬಾರಿ ಸಂಗೀತಮಯ ಚಿತ್ರಗಳ ಮೇಲೆ. 1954ರ 'ಬ್ರಿಗಡೂನ್'ನಲ್ಲೇ ಇದು ಕಾಣುತ್ತದೆ. ಸ್ಕಾಟ್ಲೆಂಡಿನ ಬೆಟ್ಟಗಳನ್ನು ಖರ್ಚು ಉಳಿಸಲು ಸ್ಟುಡಿಯೋದೊಳಗೇ ಕಟ್ಟಿದರು. ನೃತ್ಯ ಚೆನ್ನಾಗಿದ್ದರೂ ಉಸಿರುಗಟ್ಟುತ್ತದೆ. 1955ರ 'ಇಟ್ಸ್ ಆಲ್ವೇಸ್ ಫೇರ್ ವೆದರ್'ನಲ್ಲಿ ಬಾಕ್ಸರ್‌ಗಳ ನಡುವೆ ಸಿಡ್ ಕುಣಿಯುವ ಒಂದು ಉಲ್ಲಾಸದ ಹಾಡಿದೆ. ಚಿತ್ರ ದುಡ್ಡು ಮಾಡಲಿಲ್ಲ. 1958ರ 'ಪಾರ್ಟಿ ಗರ್ಲ್' ಹೊತ್ತಿಗೆ ಆ ಕಾಲ ಮುಗಿದಿತ್ತು. ನಾಯಕಿಯಾಗಿ ಅವರ ಒಳ್ಳೆಯ ಕಾಲ 1952ರಿಂದ 1958ರವರೆಗೆ. ಅಷ್ಟೇ.

ಆಮೇಲೂ ಅವರು ದುಡಿದರು. ಫ್ರಾನ್ಸಿನ ರೋಲಾಂ ಪೆತಿ ಸಂಯೋಜಿಸಿದ ಬ್ಯಾಲೆಗಳ ಚಿತ್ರವೊಂದರಲ್ಲಿ ಕುಣಿದರು. ಗಂಡನ ಜೊತೆ ನೈಟ್‌ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ಕಾರ್ಯಕ್ರಮ ಕೊಟ್ಟರು. 1976ರಲ್ಲಿ ಇಬ್ಬರೂ ಸೇರಿ ಆತ್ಮಕಥೆ ಬರೆದರು. 1986ರಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ 'ಚಾರ್ಲಿ ಗರ್ಲ್'. 1990ರಲ್ಲಿ ಜಾನೆಟ್ ಜಾಕ್ಸನ್ ಅವರ 'ಆಲ್‌ರೈಟ್' ವಿಡಿಯೋದಲ್ಲಿ ಕಾಣಿಸಿಕೊಂಡರು. ನ್ಯೂಯಾರ್ಕಿನ ಬ್ರಾಡ್ವೇಗೆ ಅವರು ಮೊದಲ ಸಲ ಕಾಲಿಟ್ಟದ್ದು 1992ರಲ್ಲಿ, 'ಗ್ರ್ಯಾಂಡ್ ಹೋಟೆಲ್' ನಾಟಕದಲ್ಲಿ. ಆಗ ವಯಸ್ಸು ಎಪ್ಪತ್ತು. ಪಾತ್ರ ಗ್ರುಶಿನ್ಸ್ಕಾಯಾ ಎಂಬ ವಯಸ್ಸಾದ ರಷ್ಯನ್ ಬ್ಯಾಲೆ ನರ್ತಕಿಯದು. ಹದಿಹರೆಯದಲ್ಲಿ ಸುಳ್ಳು ರಷ್ಯನ್ ಹೆಸರು ಹೊತ್ತು ಊರೂರು ತಿರುಗಿದವರಿಗೆ ಅಷ್ಟು ವರ್ಷಗಳ ಮೇಲೆ ಆ ಪಾತ್ರ ಸಿಕ್ಕಿದ್ದು ನನಗೆ ತುಂಬಾ ಹಿಡಿಸಿದ ಸಂಗತಿ. 2006ರಲ್ಲಿ ಅಮೆರಿಕ ಸರ್ಕಾರ ಅವರಿಗೆ ಕಲೆಗಾಗಿ ರಾಷ್ಟ್ರೀಯ ಪದಕ ಕೊಟ್ಟಿತು. 2008ರ ಜೂನ್ 17ರಂದು, 86ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು.

ಇನ್ನು ಏನು ನೋಡಬೇಕು ಅಂತ. ಮೊದಲು 'ದ ಬ್ಯಾಂಡ್ ವ್ಯಾಗನ್', ಪೂರ್ತಿ ಚಿತ್ರ. ಪಾರ್ಕಿನ ನೃತ್ಯವನ್ನು ಬಿಡಿಯಾಗಿ ನೋಡಿದರೆ ಬರೀ ಚೆಂದ ಕಾಣುತ್ತದೆ. ಅದಕ್ಕೆ ಮೊದಲು ಇಬ್ಬರೂ ಎಡವಿದ್ದನ್ನು, ಜಗಳ ಆಡಿದ್ದನ್ನು ನೋಡಿದ್ದರೆ ಅದೇ ನೃತ್ಯ ಬೇರೆಯಾಗುತ್ತದೆ. ಆಮೇಲೆ 'ಸಿಲ್ಕ್ ಸ್ಟಾಕಿಂಗ್ಸ್'. ಅದು ಸ್ವಲ್ಪ ಉದ್ದ ಅನ್ನಿಸಬಹುದು, ಆದರೆ ಕೋಣೆಯ ದೃಶ್ಯದವರೆಗೂ ಕಾಯಿರಿ. ಮೊಬೈಲ್ ಪರದೆಗೆ ಹೊಂದಲೆಂದು ಎರಡೂ ಬದಿ ಕತ್ತರಿಸಿದ ತುಣುಕುಗಳು ಮಾತ್ರ ಬೇಡ. ಡಾನ್ಸರ್ ತಲೆಯಿಂದ ಪಾದದವರೆಗೂ ಚೌಕಟ್ಟಿನಲ್ಲಿರಬೇಕು, ಆದಷ್ಟು ಕಟ್ ಇರಬಾರದು ಎಂದು ಆಸ್ಟೇರ್ 1930ರ ದಶಕದಿಂದಲೂ ಹಟ ಹಿಡಿದಿದ್ದರು. ಸಿಡ್ ಜೊತೆ ಮಾಡಿದ ಚಿತ್ರಗಳಲ್ಲೂ ಆ ಹಟ ಕಾಣುತ್ತದೆ. ಚೌಕಟ್ಟಿನ ಎರಡೂ ಬದಿ ಕತ್ತರಿಸಿದರೆ ಅವರ ತೋಳುಗಳೇ ಹೊರಗುಳಿಯುತ್ತವೆ. ಸಾಧ್ಯವಾದರೆ ಟಿವಿಯಲ್ಲಿ ಹಾಕಿ. ಎರಡನೇ ಸಲ ನೋಡುವಾಗ ಕಾಲು ಬಿಟ್ಟು ಬರೀ ಬೆನ್ನು, ಕತ್ತು, ತೋಳು ಗಮನಿಸಿ. ಭರತನಾಟ್ಯ ಕಲಿತ ಕಣ್ಣಿಗೆ ಅಲ್ಲಿ ಸಿಗುವುದು ಬಹಳ ಇದೆ.